ಮಿಂಚಂಚೆ ಕಳುಹಿಸಲು ಅಧಿಕಾರವುಳ್ಳವರು

ನಮ್ಮ ಸಂಸ್ಥೆಯಿಂದ ಕಳುಹಿಸಲಾದ ಮಿಂಚಂಚೆಗಳೆಲ್ಲವೂ ಕಳುಹಿಸಲ್ಪಟ್ಟಿರುತ್ತವೆ. ಅವು ಸೇರಬೇಕಾದವರನ್ನು ಸೇರಿದವೇ ಇಲ್ಲವೇ ಎಂಬುದು ಬೇರೆ ವಿಷಯ; ಅದು ನಮ್ಮ ಕಾರ್ಯವ್ಯಾಪ್ತಿಗೆ ಬರುವುದಿಲ್ಲ. ಎರಡು ಸಾವಿರದ ಒಂಬತ್ತನೆಯ ಇಸವಿಯಲ್ಲಿ ನಡೆದದ್ದನ್ನು ಕೆಲವರು ಕಾಪು ಪೇಟೆಯ ಹೋಟೆಲುಗಳಲ್ಲಿ ಕುಳಿತು ನಗುತ್ತಾ ಹೇಳುತ್ತಿರುವುದು ಗಮನಕ್ಕೆ ಬಂದಿರುವುದರಿಂದ, ಕಚೇರಿ ಅಧೀಕ್ಷಕನಾದ ನಾನು ಇದ್ದದ್ದನ್ನು ಇದ್ದ ಹಾಗೆ ಬರೆಯಬೇಕಾಗಿ ಬಂದಿದೆ.

ನಮ್ಮದು ಕಡಲತೀರ ವೃತ್ತಿ ಶಿಕ್ಷಣ ಪ್ರತಿಷ್ಠಾನ. ಕಾಪುವಿನಲ್ಲಿ ನಮ್ಮ ಎರಡು ಮಹಡಿಯ ಕಟ್ಟಡ ಉಂಟು. ಅಲ್ಲಿ ಪ್ರಯೋಗಾಲಯ ಸಹಾಯಕರಿಗೆ ಒಂದು ವರ್ಷದ ತರಬೇತಿ ಕೊಡುತ್ತೇವೆ. ಅದನ್ನು ಮುಗಿಸಿದವರಿಗೆ ಮಣಿಪಾಲ, ಉಡುಪಿ, ಕಾರ್ಕಳದ ಲ್ಯಾಬುಗಳಲ್ಲಿ ಕೆಲಸ ಸಿಗುತ್ತದೆ. ಆದ್ದರಿಂದ ಅರ್ಜಿಗಳು ಬಹಳ ಬರುತ್ತವೆ. ಆ ವರ್ಷ ಆಡಳಿತ ಮಂಡಳಿಯು ಪ್ರವೇಶ ಪ್ರಕ್ರಿಯೆಯನ್ನು ಸಂಪೂರ್ಣವಾಗಿ ಗಣಕೀಕರಿಸಿತು. ಆಯ್ಕೆಯಾದವರಿಗೆ ಮಿಂಚಂಚೆಯ ಮೂಲಕ ಮಾತ್ರ ತಿಳಿಸತಕ್ಕದ್ದು. ವಾರದೊಳಗೆ ಮಿಂಚಂಚೆಯಲ್ಲಿಯೇ ಒಪ್ಪಿಗೆ ಬಾರದಿದ್ದರೆ ಅಭ್ಯರ್ಥಿಗೆ ಸೀಟು ಬೇಡವೆಂದು ಭಾವಿಸತಕ್ಕದ್ದು. ಬಾಯಿಮಾತು, ದೂರವಾಣಿ, ಚೀಟಿ ಅಥವಾ ಸನ್ನೆಯ ಮೂಲಕ ತಿಳಿಸತಕ್ಕದ್ದಲ್ಲ. 'ಸನ್ನೆ' ಎಂಬ ಪದವನ್ನು ಅಧ್ಯಕ್ಷರಾದ ದೂಮಣ್ಣನವರೇ ಸೇರಿಸಿದರು. ಕಣ್ಣಲ್ಲಿಯೇ ಸೀಟು ಕೊಡುವವರನ್ನು ತಾವು ಕಂಡಿರುವುದಾಗಿ ಅವರು ಸಭೆಗೆ ತಿಳಿಸಿದರು.

ನಲವತ್ತು ಮಂದಿಯನ್ನು ಆರಿಸಿ ಮಿಂಚಂಚೆ ಕಳುಹಿಸಿದೆವು. ವಾರ ಕಳೆಯಿತು. ನಲವತ್ತು ಮಂದಿಯೂ ಸೀಟು ನಿರಾಕರಿಸಿದ್ದರು, ಅಂದರೆ ಒಬ್ಬರದ್ದೂ ಉತ್ತರ ಇರಲಿಲ್ಲ. ಕಾಯುವ ಪಟ್ಟಿಯಲ್ಲಿದ್ದವರಿಗೆ ಕಳುಹಿಸಿದೆವು. ಅವರೂ ನಿರಾಕರಿಸಿದರು. ಜಿಲ್ಲೆಯ ಯುವಜನರಲ್ಲಿ ವಿದ್ಯೆಯ ಬಗ್ಗೆ ಬೆಳೆಯುತ್ತಿರುವ ಉದಾಸೀನಕ್ಕಾಗಿ ಮಂಡಳಿಯು ಎದ್ದು ನಿಂತು ವಿಷಾದ ವ್ಯಕ್ತಪಡಿಸಿತು.

ಆ ಉದಾಸೀನ ಯುವಜನರಲ್ಲಿ ಒಬ್ಬಳು ಮರುದಿನ ಬೆಳಿಗ್ಗೆ ಬಾಗಿಲು ತೆರೆಯುವ ಮೊದಲೇ ಮೆಟ್ಟಿಲ ಮೇಲೆ ಕುಳಿತಿದ್ದಳು. ಹೆಸರು ರಾಜಶ್ರೀ. ತಂದೆ ಬಾಲಪ್ಪ, ಬಾಗಲಕೋಟೆ ಕಡೆಯವರು, ಮಣಿಪಾಲದಲ್ಲಿ ಕಟ್ಟಡದ ಗಾರೆ ಕೆಲಸ. ಕಟ್ಟುತ್ತಿರುವ ಕಟ್ಟಡದ ಹಿಂದಿನ ತಗಡಿನ ಶೆಡ್ಡಿನಲ್ಲಿ ಮನೆ. ಹುಡುಗಿ ಇಲ್ಲಿಯೇ ಶಾಲೆ ಕಲಿತವಳಾದ್ದರಿಂದ ಮಾತು ನಮ್ಮ ಊರಿನದ್ದೇ.

"ಸರ್, ನನ್ನ ಸೀಟಿನ ವಿಷಯ ಎಂತ ಆಯ್ತು?"

"ನಿಮಗೆ ಮಿಂಚಂಚೆಯಲ್ಲಿ ತಿಳಿಸಲಾಗಿದೆ."

"ದಿನಾ ಸೈಬರಿಗೆ ಹೋಗಿ ನೋಡ್ತಾ ಇದ್ದೇನೆ. ಬರ್ಲಿಲ್ಲ ಸರ್."

"ಇಲ್ಲಿಂದ ಹೋಗಿದೆ."

"ಅದರಲ್ಲಿ ಎಂತ ಬರೆದಿತ್ತು?"

"ಅದು ಮಿಂಚಂಚೆಯಲ್ಲಿ ಉಂಟು."

ಆಕೆ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು. ನಿಯಮವು ನೆನಪಾಗಿ ನಾನು ಕೂಡಲೇ ಕಣ್ಣು ಮುಚ್ಚಿಕೊಂಡೆ.

ಹೋಗುವಾಗ ಆಕೆ ಒಂದು ಮಾತು ಹೇಳಿ ಹೋದಳು. ಕಟ್ಟಡದ ಕೆಲಸ ಮುಗಿಯುತ್ತಾ ಬಂದಿದೆ. ಮೇಸ್ತ್ರಿ ಎಲ್ಲರನ್ನೂ ಗೋವಾಕ್ಕೆ ಕರೆದುಕೊಂಡು ಹೋಗುತ್ತಾನೆ. ಇಲ್ಲಿ ಸೀಟು, ಹಾಸ್ಟೆಲು ಸಿಕ್ಕಿದರೆ ತಾನು ಉಳಿಯಬಹುದು. ಇಲ್ಲವಾದರೆ ಜಲ್ಲಿ ಹೊರಲಿಕ್ಕೆ ಅವರೊಟ್ಟಿಗೆ ಹೋಗುವುದೇ. ಈ ಮಾತನ್ನು ಯಾವ ಕಡತದಲ್ಲಿ ಇಡಬೇಕೆಂದು ತಿಳಿಯದ ಕಾರಣ ನಾನು ಮನಸ್ಸಿನಲ್ಲಿಯೇ ಇಟ್ಟುಕೊಂಡೆ. ಅಲ್ಲಿ ಅದು ಮಧ್ಯಾಹ್ನದ ಊಟದವರೆಗೂ ತೊಂದರೆ ಕೊಡುತ್ತಿತ್ತು.

ಮಂಡಳಿಯು ಸಿರಾಜನನ್ನು ಕರೆಸಿತು. ನಮ್ಮ ಜಾಲತಾಣ ಮಾಡಿಕೊಟ್ಟವನು ಅವನೇ. ಕಾಪು ಬಸ್ ನಿಲ್ದಾಣದ ಎದುರು ಅವನ ಕಂಪ್ಯೂಟರ್ ಅಂಗಡಿ. ಅವನು ಕುಳಿತು ಏನೇನೋ ಒತ್ತಿ ನೋಡಿ, ಎದ್ದು ನಿಂತು ವಿವರಿಸಿದ.

"ಸರ್, ನಿಮ್ಮ ಮೇಲ್ ಹೋಗ್ತದೆ. ಆದರೆ ಅಲ್ಲಿ ಕಸದ ಡಬ್ಬಿಗೆ ಬೀಳ್ತದೆ. ಕವರಿನ ಹಿಂದೆ ಯಾರು ಬೇಕಾದರೂ ನಿಮ್ಮ ಹೆಸರು ಬರೆದು ಹಾಕ್ಬಹುದು ಅಲ್ವಾ? ಹಾಗಾಗಿ ಮೇಲ್ ಕಂಪೆನಿಯವರು, ಇದು ನಿಜವಾಗಿ ಇವರದ್ದೇಯಾ ಅಂತ ನೋಡ್ತಾರೆ. ನಿಮ್ಮ ಡೊಮೈನ್ ಉಂಟಲ್ಲ, ಇಂಟರ್ನೆಟ್ಟಿನಲ್ಲಿ ನಿಮ್ಮ ಹೆಸರು, ಅದರ ದಾಖಲೆಯಲ್ಲಿ ನಾವು ಎರಡು ಸಾಲು ಬರೆದಿಡಬೇಕು. ಈ ಹೆಸರು ನಮ್ಮದೇ ಅಂತ ಒಂದು. ನಮ್ಮ ಹೆಸರಲ್ಲಿ ಮೇಲ್ ಕಳಿಸ್ಲಿಕ್ಕೆ ಇಂಥವರಿಗೆ ಮಾತ್ರ ಅಧಿಕಾರ ಅಂತ ಇನ್ನೊಂದು. ನಿಮ್ಮದರಲ್ಲಿ ಎರಡೂ ಇಲ್ಲ."

ದೂಮಣ್ಣನವರಿಗೆ ನೋವಾಯಿತು. "ನಾವು ಯಾರು ಅಂತ ಅವರಿಗೆ ಗೊತ್ತಿಲ್ವಾ?"

"ಇಲ್ಲ ಸರ್."

"ಹೆಜಮಾಡಿಯಿಂದ ಕಾರ್ಕಳದವರೆಗೆ ಯಾರನ್ನು ಬೇಕಾದರೂ ಕೇಳ್ಲಿಕ್ಕೆ ಹೇಳು."

"ಅವರು ಕೇಳುವುದಿಲ್ಲ ಸರ್. ಬರೆದದ್ದನ್ನು ನೋಡ್ತಾರೆ. ಒಂದು ಗಂಟೆಯ ಕೆಲಸ, ಈಗಲೇ ಮಾಡಿಕೊಡ್ತೇನೆ."

ಒಂದು ಗಂಟೆಯಲ್ಲಿ ಆಗುವ ಕೆಲಸವನ್ನು ಒಂದು ಗಂಟೆಯಲ್ಲಿ ಮಾಡುವುದು ಸಂಸ್ಥೆಯ ಸಂಪ್ರದಾಯವಲ್ಲ. ಎರಡೂ ಸಾಲುಗಳನ್ನು ಮಂಡಳಿಯ ಪರಿಶೀಲನೆಗೆ ಇಡಲಾಯಿತು.

ಮೊದಲನೆಯ ಸಾಲು, ಅಂಚೆ ಕಳುಹಿಸಲು ನಾವು ಗೊತ್ತುಮಾಡಿದ್ದ ಹೊರಗಿನ ಕಂಪೆನಿಯು ಕೊಟ್ಟದ್ದು. ಸಣ್ಣ ಅಕ್ಷರ, ದೊಡ್ಡ ಅಕ್ಷರ, ಅಂಕಿಗಳು ಬೆರೆತ ಉದ್ದನೆಯ ಸಾಲು. ಇದರ ಅರ್ಥವೇನೆಂದು ಸದಸ್ಯರು ಕೇಳಿದರು. ಅರ್ಥವಿಲ್ಲ, ಇದ್ದ ಹಾಗೆಯೇ ಅಂಟಿಸಬೇಕು, ಎಂದ ಸಿರಾಜ. ಅರ್ಥವಿಲ್ಲದ್ದನ್ನು ಸಂಸ್ಥೆಯ ಹೆಸರಿನಲ್ಲಿ ಪ್ರಕಟಿಸುವುದು ಹೇಗೆಂದು ಚರ್ಚೆಯಾಗಿ, ಅದನ್ನು ನಮ್ಮ ಇಂಗ್ಲಿಷ್ ಉಪನ್ಯಾಸಕ ಮ್ಯಾಥ್ಯೂ ಅವರಿಗೆ ಒಪ್ಪಿಸಲಾಯಿತು. ಅವರು ಪದದ ನಡುವೆ ದೊಡ್ಡ ಅಕ್ಷರ ಬರಬಾರದೆಂದು ಎಲ್ಲವನ್ನೂ ಸಣ್ಣದು ಮಾಡಿ, ಮೊದಲ ಅಕ್ಷರವನ್ನು ಮಾತ್ರ ದೊಡ್ಡದು ಮಾಡಿ, ಕೊನೆಯಲ್ಲಿ ಪೂರ್ಣವಿರಾಮ ಹಾಕಿದರು. ಕಂಪೆನಿಯು ನಮ್ಮನ್ನು ನಾವೆಂದು ಒಪ್ಪಲಿಲ್ಲ. "ವ್ಯಾಕರಣ ಗೊತ್ತಿಲ್ಲದವರು," ಎಂದರು ಮ್ಯಾಥ್ಯೂ.

ಎರಡನೆಯ ಸಾಲಿಗೆ ಇದಕ್ಕಿಂತ ಹೆಚ್ಚಿನ ಗಮನ ಕೊಡಲಾಯಿತು.

"ಇದರಲ್ಲಿ ಒಂದೇ ಹೆಸರು ಸಾಕು ಸರ್," ಎಂದ ಸಿರಾಜ. "ಆ ಕಂಪೆನಿಯ ಯಂತ್ರದ್ದು. ಕಳಿಸುವುದು ಅದೇ ಅಲ್ವಾ?"

ಸಭೆಯು ಇದನ್ನು ಒಪ್ಪಲಿಲ್ಲ. ಸಂಸ್ಥೆಯ ಪರವಾಗಿ ಅಧಿಕಾರವುಳ್ಳವರ ಪಟ್ಟಿಯನ್ನು ಇಡೀ ಜಗತ್ತು ಓದುವಂತೆ ಹಾಕುವುದು. ಅದರಲ್ಲಿ ಅಧ್ಯಕ್ಷರಿಲ್ಲ, ಯಾವುದೋ ದೇಶದ ಯಂತ್ರ ಉಂಟು! ಅಧ್ಯಕ್ಷರ ಹೆಸರು ಮೊದಲು ಬರತಕ್ಕದ್ದೆಂದು ಅಧ್ಯಕ್ಷರೇ ಸೂಚಿಸಿ ಅಧ್ಯಕ್ಷರೇ ಅನುಮೋದಿಸಿದರು. ಮಸ್ಕತ್ತಿನಿಂದ ಮರಳಿ ಬಂದು ನಮಗೆ ಕಂಪ್ಯೂಟರ್ ಕೋಣೆ ಕಟ್ಟಿಸಿಕೊಟ್ಟ ಕುಂಞಿ ಮೊಹಮ್ಮದ್ ಅವರು ತಮ್ಮ ಹೆಸರು ಬೇಡ, ಖಂಡಿತಾ ಬೇಡ, ದಯವಿಟ್ಟು ಬೇಡ ಎಂದು ಮೂರು ಸಲ ಹೇಳಿದರು. ಆದ್ದರಿಂದ ಅದನ್ನು ಎರಡನೆಯದಾಗಿ ಸೇರಿಸಲಾಯಿತು. ಹೀಗೆ ಸದಸ್ಯರೆಲ್ಲರ ಹೆಸರೂ ಸೇರಿದವು.

ಆಗ ಬೆಳ್ಮಣ್ಣಿನ ಬರ್ತಾಬಾಯಿ ಎದ್ದರು. ಅವರ ಗಂಡ ಜೋನ್ ನಮ್ಮ ಸ್ಥಾಪಕ ಕಾರ್ಯದರ್ಶಿ. ತೀರಿಕೊಂಡು ಎರಡು ವರ್ಷವಾಗಿತ್ತು.

"ನಮ್ಮವರ ಹೆಸರು ಎಲ್ಲಿ?"

ಸಿರಾಜ ಮೆಲ್ಲನೆ, "ಬಾಯಿ, ಇದು ಮೇಲ್ ಕಳಿಸುವವರ ಪಟ್ಟಿ. ಅವರು ಇನ್ನು ಕಳಿಸ್ಲಿಕ್ಕೆ ಇಲ್ಲ ಅಲ್ವಾ?" ಎಂದ.

"ಇದ್ದಾಗಲೂ ಕಳಿಸ್ಲಿಲ್ಲ. ಹಾಗಂತ ಹೆಸರು ಬಿಡ್ತಾರಾ? ಈ ಸಂಸ್ಥೆಯ ಒಂದು ಆಮಂತ್ರಣ ಪತ್ರಿಕೆಯಾದರೂ ಅವರ ಹೆಸರಿಲ್ಲದೆ ಪ್ರಿಂಟ್ ಆದದ್ದು ಉಂಟಾ?"

ಇರಲಿಲ್ಲ. ಸೇರಿಸಿದೆವು.

ಸಿರಾಜ ತಲೆ ಕೆರೆದುಕೊಂಡ. ಇದರಲ್ಲಿ ಮನುಷ್ಯರ ಹೆಸರು ಬರೆಯಲಿಕ್ಕೆ ಬರುವುದಿಲ್ಲ, ಡೊಮೈನ್ ಹೆಸರು ಮಾತ್ರ, ಎಂದ. ಹಾಗಾದರೆ ಪ್ರತಿಯೊಬ್ಬರಿಗೂ ಒಂದೊಂದು ಡೊಮೈನ್ ಮಾಡತಕ್ಕದ್ದೆಂದು ನಿರ್ಣಯವಾಯಿತು. ಬೇಡ ಎನ್ನಲು ಬಾಯಿ ತೆರೆದ ಸಿರಾಜ, ಅಷ್ಟು ಡೊಮೈನುಗಳ ಕೆಲಸ ಯಾರ ಅಂಗಡಿಗೆ ಬರುತ್ತದೆಂದು ಹೊಳೆದದ್ದರಿಂದ ಬಾಯಿ ಮುಚ್ಚಿದ. ಅವನಿಗೂ ಹೆಂಡತಿ ಮಕ್ಕಳಿದ್ದಾರೆ.

ಆದರೂ ಒಂದು ಎಚ್ಚರಿಕೆ ಕೊಟ್ಟ. "ಪಟ್ಟಿಯಲ್ಲಿ ಹತ್ತರ ಮೇಲೆ ಹೋಗಬಾರದು ಸರ್. ಹತ್ತು ಹೆಸರಿನವರೆಗೆ ಮಾತ್ರ ಅವರು ಹುಡುಕಿ ನೋಡುವುದು. ಹೆಚ್ಚಾದರೆ ಇಡೀ ಪಟ್ಟಿಯನ್ನೇ ಬಿಸಾಡ್ತಾರೆ. ಈಗ ಹನ್ನೊಂದು ಉಂಟು."

ಯಾರನ್ನು ಬಿಡುವುದು? ಹನ್ನೊಂದನ್ನೂ ಒಂದೊಂದಾಗಿ ಓದಿದೆವು. ಪ್ರತಿಯೊಂದು ಹೆಸರಿನ ಹಿಂದೆಯೂ ಒಂದು ಊರು, ಒಂದು ಜಾತಿ, ಒಂದು ದೇಣಿಗೆ ಇತ್ತು. ಯಾವ ಊರೂ ಇಲ್ಲದ, ಜಾತಿಯೂ ಇಲ್ಲದ, ಬಿಟ್ಟರೆ ಮುನಿಸಿಕೊಳ್ಳದ ಹೆಸರು ಒಂದೇ: ಯಂತ್ರದ್ದು. ಅದು ಈವರೆಗೆ ಸಲ್ಲಿಸಿದ ಸೇವೆಯನ್ನು ಸ್ಮರಿಸಿ, ಧನ್ಯವಾದ ಸಮರ್ಪಿಸಿ, ಅದನ್ನು ಪಟ್ಟಿಯಿಂದ ಕೈಬಿಡಲಾಯಿತು.

"ಸರ್, ಕಳಿಸುವುದು ಅದೊಂದೇ," ಎಂದ ಸಿರಾಜ.

"ಅದು ಕಳಿಸಲಿ ಮಾರಾಯ. ಬೇಡ ಅಂತ ಯಾರು ಹೇಳಿದ್ದು?" ಎಂದರು ದೂಮಣ್ಣನವರು. "ಅಧಿಕಾರ ಮಾತ್ರ ಇಲ್ಲ."

ಸಾಲಿನ ಕೊನೆಯಲ್ಲಿ ಒಂದು ಆಯ್ಕೆ ಇತ್ತು. ಪಟ್ಟಿಯಲ್ಲಿ ಇಲ್ಲದವರು ನಮ್ಮ ಹೆಸರಿನಲ್ಲಿ ಕಳುಹಿಸಿದರೆ ಏನು ಮಾಡಬೇಕು? ಸ್ವಲ್ಪ ಸಂಶಯದಿಂದ ನೋಡಿದರೆ ಸಾಕು ಎಂದೂ ಬರೆಯಬಹುದು, ಕಡ್ಡಾಯವಾಗಿ ತಿರಸ್ಕರಿಸಿ ಎಂದೂ ಬರೆಯಬಹುದು. ಮಂಡಳಿಯು ಎರಡನೆಯದನ್ನು ಚಪ್ಪಾಳೆಯೊಂದಿಗೆ ಅಂಗೀಕರಿಸಿತು. ಶಿಸ್ತಿನ ವಿಷಯದಲ್ಲಿ ನಮ್ಮ ಸಂಸ್ಥೆಯು ಯಾವತ್ತೂ ರಾಜಿ ಮಾಡಿಕೊಂಡದ್ದಿಲ್ಲ.

ನಲವತ್ತು ಮಂದಿಗೆ ಮತ್ತೆ ಮಿಂಚಂಚೆ ಕಳುಹಿಸಿದೆವು. ಈ ಸಲ ಅವು ಕಸದ ಡಬ್ಬಿಗೂ ಬೀಳದೆ ನಿಮಿಷದೊಳಗೆ ನಲವತ್ತೂ ಹಿಂದಿರುಗಿದವು. ಪ್ರತಿಯೊಂದರಲ್ಲೂ, 'ಈ ಸಂಸ್ಥೆಯ ಆದೇಶದ ಪ್ರಕಾರ ಇದನ್ನು ತಿರಸ್ಕರಿಸಲಾಗಿದೆ' ಎಂಬ ಅರ್ಥದ ಇಂಗ್ಲಿಷ್ ಒಕ್ಕಣೆ ಇತ್ತು. ದೂಮಣ್ಣನವರು ಅದನ್ನು ಎರಡು ಸಲ ಓದಿಸಿ ಕೇಳಿದರು. ತಾಲೂಕು ಕಚೇರಿಯವರೇ ನಮ್ಮ ಪತ್ರಕ್ಕೆ ಕಿಮ್ಮತ್ತು ಕೊಡುವುದಿಲ್ಲ. ಅಮೆರಿಕದ ಮೇಲ್ ಕಂಪೆನಿಯು ನಮ್ಮ ಆದೇಶವನ್ನು ನಿಮಿಷದಲ್ಲಿ ಪಾಲಿಸಿದೆ. ಒಂದು ಪ್ರತಿಗೆ ಚೌಕಟ್ಟು ಹಾಕಿಸಿ ಕಚೇರಿಯ ಗೋಡೆಗೆ ತೂಗಿಸಿದೆವು.

ಮೊಳೆ ಹೊಡೆಯುತ್ತಿರುವಾಗಲೇ ರಾಜಶ್ರೀ ಮತ್ತೆ ಬಂದಳು. ಈ ಸಲ ಜೊತೆಗೆ ಬಾಲಪ್ಪನೂ ಇದ್ದ. ಕೈಯ ಸಿಮೆಂಟನ್ನು ತೊಳೆದುಕೊಳ್ಳಲಿಕ್ಕೂ ಪುರುಸೊತ್ತಾಗದೆ ಬಂದಿದ್ದ.

"ಸಾಹೇಬ್ರ, ಹುಡುಗಿ ಇಲ್ಲೇ ನಿಂತಾಳ. ನೀವೂ ಇಲ್ಲೇ ಕುಂತೀರಿ. ನಡುವ ಒಂದು ಮೇಜು ಐತಿ, ಅಷ್ಟ. ಸೀಟು ಐತೋ ಇಲ್ಲೋ, ಈ ಮೇಜಿನ ಮ್ಯಾಲಿಂದ ಹೇಳಿಬಿಡ್ರಿ. ನಾಡಿದ್ದು ನಮ್ಮ ಲಾರಿ ಹೊಂಟೈತಿ."

"ನೋಡಿ ಬಾಲಪ್ಪನವರೇ, ಹೇಳಬಹುದು. ಆದರೆ ಹೇಳಿದ್ದು ನಾನೇ ಎಂಬುದಕ್ಕೆ ಏನು ಪುರಾವೆ?"

ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ನೀವಽ ಅಲ್ಲೇನ್ರಿ?" ಎಂದ.

"ನಾನೇ. ಆದರೆ ಅದನ್ನು ನಾನೇ ಹೇಳಿದರೆ ನಡೆಯುವುದಿಲ್ಲ. ಪ್ರಪಂಚದ ನಿಯಮ ಈಗ ಹಾಗೆ ಉಂಟು."

ಬಾಲಪ್ಪ ಬಾಗಿಲ ಬಳಿ ಹೋಗಿ ಬೆನ್ನು ತಿರುಗಿಸಿ ನಿಂತ. ಆದರೆ ರಾಜಶ್ರೀ ಮೇಜಿನ ಎದುರಿನಿಂದ ಕದಲಲಿಲ್ಲ. ಮೂಲೆಯ ಕಂಪ್ಯೂಟರಿನಲ್ಲಿ ಸದಸ್ಯರ ಡೊಮೈನುಗಳನ್ನು ಸರಿಪಡಿಸುತ್ತಿದ್ದ ಸಿರಾಜನ ಕಡೆಗೆ ತಿರುಗಿ ನಡೆದದ್ದನ್ನೆಲ್ಲ ಕೇಳಿ ತಿಳಿದುಕೊಂಡಳು.

"ಅಣ್ಣ, ಈ ಅಧಿಕಾರ ಇರುವ ಹತ್ತು ಮಂದಿಯಲ್ಲಿ ಯಾರಾದರೂ ಒಬ್ಬರು ಅವರದ್ದೇ ವಿಳಾಸದಿಂದ ಕಳಿಸಿದ್ರೆ ಆಗುದಿಲ್ವಾ?"

"ಆಗ್ಬೇಕಿತ್ತು. ಆದರೆ ಅವರವರ ಡೊಮೈನಿಗೂ ಈ ಎರಡು ಸಾಲು ಬೇಕು, ಅದು ಎಲ್ಲರದ್ದೂ ಹಾಳಾಗಿದೆ. ಅಧ್ಯಕ್ಷರು ಅವರ ಪಟ್ಟಿಯಲ್ಲಿ ಅಳಿಯಂದಿರನ್ನೆಲ್ಲ ಹಾಕಿಸಿದ್ದಾರೆ. ಇನ್ನೊಬ್ಬರು ಸಂಖ್ಯಾಶಾಸ್ತ್ರ ನೋಡಿ ಅಂಕಿ ಬದಲಿಸಿದ್ದಾರೆ. ಮ್ಯಾಥ್ಯೂ ಸರ್ ಉಳಿದದ್ದನ್ನು ತಿದ್ದಿದ್ದಾರೆ." ಅವನು ಪರದೆಯ ಮೇಲೆ ಇನ್ನೊಂದು ಸಾಲು ತೆರೆದು, "ಒಬ್ಬರದ್ದು ಮಾತ್ರ ನಾನು ಬರೆದ ಹಾಗೆಯೇ ಉಂಟು. ಅವರು ಯಾವ ತಿದ್ದುಪಡಿಯೂ ಹೇಳ್ಲಿಲ್ಲ," ಎಂದ.

"ಯಾರು?"

"ಜೋನ್ ಸರ್. ಆದರೆ ಅವರು ತೀರಿಕೊಂಡಿದ್ದಾರೆ."

ರಾಜಶ್ರೀ ನನ್ನ ಕಡೆಗೆ ನೋಡಿದಳು. "ತೀರಿಕೊಂಡವರು ಕಳಿಸ್ಬಾರ್ದು ಅಂತ ನಿಯಮ ಉಂಟಾ ಸರ್?"

ನಾನು ನಿಯಮಾವಳಿಯನ್ನು ತೆಗೆದು ಆದಿಯಿಂದ ಅಂತ್ಯದವರೆಗೆ ಓದಿದೆ. ಅಂಥ ನಿಯಮ ಇರಲಿಲ್ಲ. ಅಧಿಕಾರ ಕೊಟ್ಟ ನಿರ್ಣಯ ಮಾತ್ರ ಇತ್ತು, ಸರ್ವಾನುಮತದ್ದು. ಹಾಗಾಗಿ ಬರ್ತಾಬಾಯಿಯವರಿಗೆ ಫೋನು ಮಾಡಿದೆ.

ಅವರು ಬೆಳ್ಮಣ್ಣಿನಿಂದ ಬಸ್ಸಿನಲ್ಲಿ ಬಂದರು. ಎಲ್ಲವನ್ನೂ ಕೇಳಿದರು. ಹುಡುಗಿಯನ್ನು ಹತ್ತಿರ ಕರೆದು ಊರು ಯಾವುದು, ಊಟ ಆಯಿತಾ ಎಂದು ಕೇಳಿದರು. ಆಗಿರಲಿಲ್ಲ. ಚೀಲದಿಂದ ಬನ್ಸಿನ ಪೊಟ್ಟಣ ತೆಗೆದು ಅಪ್ಪ ಮಗಳಿಬ್ಬರಿಗೂ ಕೊಟ್ಟರು. ಆಮೇಲೆ ಸಿರಾಜನ ಪಕ್ಕದ ಕುರ್ಚಿಯಲ್ಲಿ ಕುಳಿತು, "ಅವರ ಹೆಸರು ಕಾಣ್ತದಾ?" ಎಂದರು. ಪರದೆಯ ಮೇಲೆ, ಕಳುಹಿಸುವವರು ಎಂಬಲ್ಲಿ, ಜೋನ್ ಎಂದಿತ್ತು. ಬರ್ತಾಬಾಯಿ ಕನ್ನಡಕ ಒರೆಸಿಕೊಂಡು ಮತ್ತೊಮ್ಮೆ ನೋಡಿದರು.

"ಹೋಗ್ಲಿ. ಮಕ್ಕಳು ಕಲೀಬೇಕು ಅಂತ ಅವರಿಗೆ ಇತ್ತು." ಕುರ್ಚಿಯನ್ನು ಪರದೆಗೆ ಇನ್ನಷ್ಟು ಹತ್ತಿರ ಎಳೆದುಕೊಂಡು, "ನನಗೂ ಒಂದು ಬರ್ಲಿ, ಸಿರಾಜ," ಎಂದರು.

ನಲವತ್ತೊಂದು ಮಿಂಚಂಚೆಗಳು ಹೋದವು. ರಾಜಶ್ರೀ ಅಲ್ಲಿಯೇ ಕಂಪ್ಯೂಟರಿನಲ್ಲಿ ತನ್ನ ಅಂಚೆಪೆಟ್ಟಿಗೆ ತೆರೆದಳು. ಇತ್ತು. ಎಲ್ಲಕ್ಕಿಂತ ಮೇಲೆ, ದಪ್ಪ ಅಕ್ಷರದಲ್ಲಿ. 'ನೀವು ಆಯ್ಕೆಯಾಗಿದ್ದೀರಿ. ಎರಡು ಭಾವಚಿತ್ರಗಳೊಂದಿಗೆ ಹಾಜರಾಗತಕ್ಕದ್ದು. ಇಂತಿ, ಜೋನ್, ಕಾರ್ಯದರ್ಶಿ.' ಆಕೆ ಅದನ್ನು ತಂದೆಗೆ ಗಟ್ಟಿಯಾಗಿ ಓದಿ ಹೇಳಿದಳು. ಬಾಲಪ್ಪನಿಗೆ ಆ ಕಚೇರಿ ಭಾಷೆ ಪೂರ್ತಿ ತಿಳಿಯಲಿಲ್ಲ; ಮಗಳ ದನಿ ತಿಳಿಯಿತು. ಬನ್ಸು ಹಿಡಿದಿದ್ದ ಕೈಯಲ್ಲಿಯೇ ಪರದೆಗೆ ಮುಗಿದ. ಲಾರಿ ಹೊರಟ ದಿನ ಅವನು ಮಗಳ ತಗಡಿನ ಪೆಟ್ಟಿಗೆಯನ್ನು ನಮ್ಮ ಹಾಸ್ಟೆಲಿನಲ್ಲಿ ಇಳಿಸಿಯೇ ಗೋವಾಕ್ಕೆ ಹೋದದ್ದು.

ಬರ್ತಾಬಾಯಿಯವರ ವಿಷಯದಲ್ಲಿ ಸಣ್ಣ ತೊಡಕಾಯಿತು. ಅವರಿಗೆ ಹೋದದ್ದೂ ಅದೇ ಒಕ್ಕಣೆ. ಅವರು ಅದನ್ನು ಪ್ರಿಂಟ್ ತೆಗೆಸಿ, ಓದಿ, ಒಪ್ಪಿಗೆ ಕಳುಹಿಸಿಬಿಟ್ಟಿದ್ದರು. ತರಗತಿಯ ಮೊದಲ ದಿನ ಎರಡು ಭಾವಚಿತ್ರಗಳೊಂದಿಗೆ ಬಂದು ರಾಜಶ್ರೀಯ ಪಕ್ಕದಲ್ಲಿ ಕುಳಿತರು. ನಾನು ಹೋಗಿ, "ಬಾಯಿ, ಅದು ಸುಮ್ಮನೆ ಕಳಿಸಿದ್ದು," ಎಂದೆ.

"ಅವರು ಕರೆದಾಗ ನಾನು ಹೋಗದೆ ಇದ್ದದ್ದು ಇಲ್ಲ," ಎಂದರು. "ಈಗ ಯಾಕೆ ಬಿಡ್ಲಿ?"

ನಿಯಮದ ಪ್ರಕಾರ ಒಪ್ಪಿಗೆ ವಾರದೊಳಗೆ ಬಂದಿತ್ತು. ಸೀಟು ಕೊಟ್ಟೆವು. ಮಧುಮೇಹ ಪರೀಕ್ಷೆಯಲ್ಲಿ ಅವರ ಕೈ ಈಗ ಬಹಳ ಹಗುರ ಎಂದು ಪ್ರತೀತಿ. ರಾಜಶ್ರೀ ಮಣಿಪಾಲದ ಒಂದು ಲ್ಯಾಬಿನಲ್ಲಿದ್ದಾಳೆ. ಭಾನುವಾರಗಳಲ್ಲಿ ಬೆಳ್ಮಣ್ಣಿಗೆ ಊಟಕ್ಕೆ ಹೋಗುತ್ತಾಳೆ.

ಅಂದಿನಿಂದ ಸಂಸ್ಥೆಯ ಪತ್ರವ್ಯವಹಾರವೆಲ್ಲ ದಿವಂಗತ ಕಾರ್ಯದರ್ಶಿಗಳ ಮೂಲಕವೇ ನಡೆಯುತ್ತಿದೆ. ಹಾಲ್ ಟಿಕೆಟು, ಅಂಕಪಟ್ಟಿ, ಶುಲ್ಕದ ಜ್ಞಾಪನ ಎಲ್ಲವೂ ಸಕಾಲಕ್ಕೆ ಹೋಗುತ್ತವೆ. ಅವರು ರಜೆ ಹಾಕುವುದಿಲ್ಲ, ಸಭೆಯಲ್ಲಿ ಕೂಗಾಡುವುದಿಲ್ಲ, ಅಳಿಯನಿಗೆ ಕೆಲಸ ಕೇಳುವುದಿಲ್ಲ. ಹಿಂದಿನ ಯಾವ ಕಾರ್ಯದರ್ಶಿಯೂ ಇಷ್ಟು ಚುರುಕಾಗಿರಲಿಲ್ಲ ಎಂದು ಕೆಮ್ಮಣ್ಣಿನ ಪೋಷಕರೊಬ್ಬರು ಪತ್ರ ಬರೆದಿದ್ದಾರೆ. ಹಿಂದಿನ ಕಾರ್ಯದರ್ಶಿಯೂ ಜೋನ್ ಅವರೇ ಎಂಬುದನ್ನು ನಾವು ಅವರಿಗೆ ತಿಳಿಸಲು ಹೋಗಲಿಲ್ಲ.

ಮುಂದಿನ ವರ್ಷ ತಪಾಸಣೆಗೆ ಬಂದ ಅಧಿಕಾರಿಗಳು ಎರಡು ದಿನ ಕಡತಗಳನ್ನು ನೋಡಿದರು. ಕಾರ್ಯದರ್ಶಿಗಳನ್ನು ಭೇಟಿಯಾಗಬೇಕಿತ್ತು ಎಂದರು. ಅವರು ಬೆಳ್ಮಣ್ಣಿನಲ್ಲಿದ್ದಾರೆ, ಚರ್ಚಿನ ಹಿಂಬದಿ, ಎಂದೆ. ಅಲ್ಲಿಯವರೆಗೆ ಹೋಗಲು ಸಮಯವಿಲ್ಲ ಎಂದು ವರದಿ ಬರೆಯಲು ಕುಳಿತರು. ವರದಿಯಲ್ಲಿ ಕಡತಗಳು ಒಂದೂ ಬಾಕಿಯಿಲ್ಲದಿರುವುದನ್ನು ಮೆಚ್ಚಿಕೊಂಡು, ಒಂದೇ ಒಂದು ಆಕ್ಷೇಪಣೆ ಎತ್ತಿದ್ದರು: ಜನ್ಮದಿನಾಂಕವನ್ನು ನೋಡಿದರೆ ಕಾರ್ಯದರ್ಶಿಗಳಿಗೆ ಅರುವತ್ತು ದಾಟಿದಂತೆ ಕಾಣುತ್ತದೆ, ನಿವೃತ್ತಿಯ ನಂತರವೂ ಮುಂದುವರಿಸಿರುವುದಕ್ಕೆ ವಿವರಣೆ ನೀಡತಕ್ಕದ್ದು.

ಸದರಿಯವರು ಐವತ್ತೆಂಟನೆಯ ವಯಸ್ಸಿನಲ್ಲಿಯೇ ನಿಧನರಾಗಿರುವುದರಿಂದ ನಿವೃತ್ತಿಯ ವಯಸ್ಸನ್ನು ಮುಟ್ಟಿರುವುದಿಲ್ಲ, ಮುಂದೆಯೂ ಮುಟ್ಟುವ ಸಂಭವವಿರುವುದಿಲ್ಲ ಎಂದು ನಾವು ಲಿಖಿತ ವಿವರಣೆ ಸಲ್ಲಿಸಿದೆವು.

ವಿವರಣೆಯು ಸಮಾಧಾನಕರವಾಗಿದೆಯೆಂದು ಆಕ್ಷೇಪಣೆಯನ್ನು ಕೈಬಿಡಲಾಯಿತು.